ನಮ್ಮ ವಸತಿ ಶಾಲೆಗಳಿಗೂ ಒಂದು ಮಾಯೆಯ ಕಾದಂಬರಿ ಬೇಕು

ಮಾನ್ಯ ಸಂಪಾದಕರೇ,

ನಗರದ ಒಂದು ಶಾಲೆಯಲ್ಲಿ ಈಚೆಗೆ ನಡೆದ ಪಾಲಕರ ಸಭೆಯಲ್ಲಿ, ಮಾಯಾವಿದ್ಯೆ ಕಲಿಸುವ ಶಾಲೆಗಳ ಕುರಿತಾದ ಮಕ್ಕಳ ಕಾದಂಬರಿಗಳನ್ನು ಗ್ರಂಥಾಲಯದಿಂದ ತೆಗೆದುಹಾಕಬೇಕೆಂಬ ಒತ್ತಾಯ ಕೇಳಿಬಂದಿತು. ಅವು ಎಳೆಯ ಮನಸ್ಸಿನಲ್ಲಿ ಮಾಟ-ಮಂತ್ರದ ನಂಬಿಕೆಯನ್ನು ಬಿತ್ತುತ್ತವೆ, ಮೇಲಾಗಿ ನಮ್ಮ ನೆಲಕ್ಕೆ ಸಂಬಂಧವಿಲ್ಲದವು ಎಂಬುದು ಅಲ್ಲಿ ಮಾತನಾಡಿದವರ ಅಭಿಪ್ರಾಯ. ಬಹುಕಾಲ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವಳಾಗಿ, ಶಾಲೆಯ ಪುಸ್ತಕದ ಕಪಾಟಿನ ಹೊಣೆಯನ್ನೂ ಹೊತ್ತಿದ್ದವಳಾಗಿ, ಈ ಅಭಿಪ್ರಾಯದ ಮೊದಲ ಭಾಗವನ್ನು ನಾನು ಒಪ್ಪುವುದಿಲ್ಲ. ಎರಡನೆಯ ಭಾಗದಲ್ಲಿ ಒಂದು ನಿಜವಾದ ಕೊರತೆಯ ಸುಳಿವಿದೆ. ನಮ್ಮ ನೆಲದ ಇಂಥ ಕಾದಂಬರಿ ನಮ್ಮ ಮಕ್ಕಳಿಗೆ ಸಿಕ್ಕಿಲ್ಲವೆಂಬ ಆ ಕೊರತೆಯ ಬಗ್ಗೆಯೇ ಈ ಪತ್ರ.

ಪಾಲಕರ ಆತಂಕವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಬಾನಾಮತಿಯ ಹೆಸರಿನಲ್ಲಿ ಹೆಣ್ಣುಮಕ್ಕಳು ಪಟ್ಟ ಪಾಡು ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೊಸದಲ್ಲ. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯಲು ನಮ್ಮ ರಾಜ್ಯ 2017ರಲ್ಲಿ ಒಂದು ಕಾಯ್ದೆಯನ್ನೇ ತರಬೇಕಾಯಿತು. ಆದರೆ ಮಾಟ ಮಾಡುತ್ತೇನೆಂದು ಹೆದರಿಸುವವನ ಬಲವೆಲ್ಲ ಇರುವುದು ಗುಟ್ಟಿನಲ್ಲಿ, ಕೇಳುವವನ ಭಯದಲ್ಲಿ. ಈ ಕಾದಂಬರಿಗಳಲ್ಲಿ ಮಂತ್ರವೆಂಬುದು ವೇಳಾಪಟ್ಟಿಯಲ್ಲಿ ಬರೆದ ಒಂದು ಪಾಠ. ಅದಕ್ಕೆ ಪುಸ್ತಕವಿದೆ, ಗೃಹಪಾಠವಿದೆ, ವರ್ಷದ ಕೊನೆಗೆ ಪರೀಕ್ಷೆಯಿದೆ. ಉಚ್ಚಾರ ತಪ್ಪಿದರೆ ಮೇಜಿನ ಮೇಲಿನ ಹಕ್ಕಿಯ ಗರಿ ಅಲುಗಾಡುವುದೂ ಇಲ್ಲ, ಪಕ್ಕದಲ್ಲಿ ಕುಳಿತ ಜಾಣ ಹುಡುಗಿ ತಿದ್ದಿ ಹೇಳಿಕೊಡಬೇಕಾಗುತ್ತದೆ. ಇಂಥ ಪುಸ್ತಕ ಓದಿ ಯಾವ ಮಗುವೂ ಮಂತ್ರವಾದಿಯ ಮನೆಗೆ ಹೋದದ್ದನ್ನು ನಾನು ಕಂಡಿಲ್ಲ. ಕಲಿತರೆ ಯಾವುದೂ ಅಸಾಧ್ಯವಲ್ಲ ಎಂಬ ಹುರುಪಿನಿಂದ ಮುಂದಿನ ಪುಸ್ತಕ ಕೇಳಲು ಬಂದ ಮಕ್ಕಳನ್ನು ಬೇಕಾದಷ್ಟು ಕಂಡಿದ್ದೇನೆ. ಆದ್ದರಿಂದ ಆ ಪುಸ್ತಕಗಳು ಕಪಾಟಿನಲ್ಲೇ ಇರಲಿ.

ಈ ಬಗೆಯ ಕಾದಂಬರಿಗಳ ಹುಟ್ಟನ್ನು ನೋಡಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಇವುಗಳ ಬೇರು ಮಂತ್ರ-ತಂತ್ರದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಶಾಲೆಯ ಕಥೆಯಲ್ಲಿದೆ. ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ ಓದಿದ್ದ ಥಾಮಸ್ ಹ್ಯೂಸ್, ಅದೇ ಶಾಲೆಯನ್ನು ಕುರಿತು 1857ರಲ್ಲಿ ಟಾಮ್ ಬ್ರೌನ್ ಎಂಬ ಹುಡುಗನ ಕಥೆ ಬರೆದರು. ಮನೆಬಿಟ್ಟು ಹೊರಡುವ ಬಾಲಕ, ಮೊದಲ ದಿನದ ದಿಗಿಲು, ಸಿಕ್ಕ ಒಬ್ಬ ಗೆಳೆಯ, ಕಿರಿಯರನ್ನು ಕಾಡುವ ಹಿರಿಯ ಹುಡುಗ, ದೂರದಿಂದಲೇ ಗೌರವ ಹುಟ್ಟಿಸುವ ಮುಖ್ಯಗುರು ಎಂಬ ಕಟ್ಟು ಅಲ್ಲಿಂದಲೇ ಗಟ್ಟಿಯಾಯಿತು. 1940ರ ದಶಕದಲ್ಲಿ ಎನಿಡ್ ಬ್ಲೈಟನ್ ಹೆಣ್ಣುಮಕ್ಕಳ ವಸತಿ ಶಾಲೆಯ ಕಥೆಗಳಲ್ಲಿ ಅದನ್ನೇ ಬಳಸಿದರು. 1974ರಲ್ಲಿ ಜಿಲ್ ಮರ್ಫಿ ತಾವು ಓದಿದ ಕಾನ್ವೆಂಟ್ ಶಾಲೆಯನ್ನೇ ಮಾದರಿಯಾಗಿಟ್ಟುಕೊಂಡು, ಕಷಾಯ ಕುದಿಸುವಾಗಲೂ ಪೊರಕೆಯ ಮೇಲೆ ಹಾರುವಾಗಲೂ ಎಡವಟ್ಟು ಮಾಡುವ ಮಾಟಗಾತಿ ಹುಡುಗಿಯೊಬ್ಬಳ ಕಥೆ ಬರೆದರು. ಹ್ಯಾರಿ ಪಾಟರ್‌ನ ಮೊದಲ ಪುಸ್ತಕ ಬಂದದ್ದು ಇದೆಲ್ಲ ಆದ ಮೇಲೆ, 1997ರ ಜೂನ್ 26ರಂದು. ಗಟ್ಟಿ ರಟ್ಟಿನ ಪ್ರತಿಗಳನ್ನು ಮೊದಲು ಅಚ್ಚು ಹಾಕಿದ್ದು ಕೇವಲ 500. ಅದರಲ್ಲಿ ಬರುವ ಹೌಸ್‌ಗಳು (ಶಾಲೆಯ ಮಕ್ಕಳನ್ನು ಹಂಚಿ ಮಾಡಿದ ತಂಡಗಳು), ಪ್ರಿಫೆಕ್ಟ್‌ಗಳು (ಹಿರಿಯ ವಿದ್ಯಾರ್ಥಿ ನಾಯಕರು), ಹೌಸ್‌ಗೆ ಸಿಗುವ ಅಂಕಗಳು ಇವೆಲ್ಲ ಇಂಗ್ಲೆಂಡಿನ ಹಳೆಯ ವಸತಿ ಶಾಲೆಗಳಿಂದ ಬಂದವು. 1963ರಲ್ಲಿ ಆರಂಭವಾದ ನಮ್ಮ ವಿಜಯಪುರದ ಸೈನಿಕ ಶಾಲೆಯ ಮಕ್ಕಳಿಗೆ ಹೌಸ್ ಎಂದರೇನೆಂದು ಯಾರೂ ವಿವರಿಸಬೇಕಾಗಿಲ್ಲ.

ಶಾಲೆಯ ಈ ಎಳೆಯ ಜೊತೆಗೆ ಗುರು-ಶಿಷ್ಯರ ಎಳೆಯೊಂದು ಸೇರಿಕೊಂಡಿದೆ. ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ ಕಾದಂಬರಿಯಲ್ಲಿ ರೋಕ್ ಎಂಬ ದ್ವೀಪದ ಮೇಲೆ ಮಾಂತ್ರಿಕರ ಶಾಲೆಯೊಂದಿದೆ. ಅಲ್ಲಿಗೆ ಬರುವ ಗೆಡ್ ಆಡು ಕಾಯುತ್ತಿದ್ದ, ತಾಯಿಯಿಲ್ಲದ, ಕಂದುಬಣ್ಣದ ಹುಡುಗ. ಸಹಪಾಠಿಯೊಬ್ಬನ ಕೆಣಕು ಮಾತಿಗೆ ಸಿಟ್ಟಾಗಿ, ತನಗಿನ್ನೂ ದಕ್ಕದ ವಿದ್ಯೆಯನ್ನು ಪ್ರಯೋಗಿಸಿ, ಸತ್ತವರ ಲೋಕದಿಂದ ಒಂದು ಕರಿನೆರಳನ್ನು ಎಬ್ಬಿಸಿಬಿಡುತ್ತಾನೆ. ಉಳಿದ ಕಾದಂಬರಿಯೆಲ್ಲ ಆ ಒಂದು ದುಡುಕಿಗೆ ತೆತ್ತ ಬೆಲೆಯ ಕಥೆ. ಇದನ್ನು ಓದಿದಾಗ ನನಗೆ ನೆನಪಾದವನು ಕರ್ಣ. ಸುಳ್ಳು ಹೇಳಿ ಪರಶುರಾಮನಲ್ಲಿ ಅಸ್ತ್ರ ಕಲಿತವನಿಗೆ ಬೇಕಾದ ಗಳಿಗೆಯಲ್ಲೇ ಮಂತ್ರ ಮರೆತುಹೋಗುವ ಶಾಪ. ಶುಕ್ರಾಚಾರ್ಯರಲ್ಲಿ ಮೃತಸಂಜೀವಿನಿ ಕಲಿಯಲು ಹೋದ ಕಚನದೂ ಇದೇ ಜಾತಿಯ ಕಥೆ. ರಾಕ್ಷಸರು ಅವನನ್ನು ಮತ್ತೆ ಮತ್ತೆ ಕೊಂದು, ಕಡೆಗೆ ಸುಟ್ಟ ಬೂದಿಯನ್ನು ಮದ್ಯದಲ್ಲಿ ಬೆರೆಸಿ ಗುರುವಿಗೇ ಕುಡಿಸಿದಾಗ, ಗುರುವಿನ ಹೊಟ್ಟೆಯೊಳಗಿದ್ದುಕೊಂಡೇ ಅವನು ವಿದ್ಯೆ ಕಲಿತು ಹೊರಬಂದ. ಆ ವಿದ್ಯೆ ನಿನಗೆ ಫಲಿಸದಿರಲಿ ಎಂದು ದೇವಯಾನಿ ಶಪಿಸಿದರೆ, ನಾನು ಯಾರಿಗೆ ಕಲಿಸುತ್ತೇನೋ ಅವರಿಗೆ ಫಲಿಸುತ್ತದೆ ಎಂದು ಕಚ ಹೇಳಿದ. ತರಗತಿಯಲ್ಲಿ ಈ ಉತ್ತರವನ್ನು ಹೇಳುವಾಗಲೆಲ್ಲ, ಶಿಕ್ಷಕರ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಮಾತು ಬೇರೆ ಇಲ್ಲವೆಂದು ನನಗೆ ಅನಿಸಿದೆ.

ಎಲ್ಲವೂ ನಮ್ಮಲ್ಲೇ ಮೊದಲು ಇತ್ತೆಂದು ಹೆಮ್ಮೆ ಪಡುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಕಚನಿಗೆ ಗುರುವಿದ್ದಾರೆ, ಗುರುವಿನ ಮಗಳಿದ್ದಾಳೆ, ಆದರೆ ಬೆಂಚಿನ ಮೇಲೆ ಪಕ್ಕದಲ್ಲಿ ಕೂರುವ ಗೆಳೆಯನಿಲ್ಲ. ಇಂದಿನ ಮಕ್ಕಳು ಈ ಕಾದಂಬರಿಗಳಲ್ಲಿ ಹೆಚ್ಚು ಪ್ರೀತಿಸುವುದು ಆ ಗೆಳೆತನವನ್ನೇ. ಹತ್ತನೆಯ ಶತಮಾನದ ನಮ್ಮ ವಡ್ಡಾರಾಧನೆಯಲ್ಲಿ ಅದಕ್ಕೊಂದು ಸೊಗಸಾದ ನಿದರ್ಶನವಿದೆ. ವಿದ್ಯುಚ್ಚೋರನ ಕಥೆಯಲ್ಲಿ ಇಬ್ಬರು ಹುಡುಗರು ಒಬ್ಬರೇ ಉಪಾಧ್ಯಾಯರ ಬಳಿ ಓದುತ್ತಾರೆ. ರಾಜಕುಮಾರನಾದವನು ಕಳ್ಳತನದ ಶಾಸ್ತ್ರವನ್ನು ಕಲಿಯುತ್ತಾನೆ, ಅವನ ಗೆಳೆಯ ಯಮದಂಡ ಕಳ್ಳರನ್ನು ಹಿಡಿಯುವ ತಳವಾರಿಕೆಯ ಶಾಸ್ತ್ರವನ್ನು ಕಲಿಯುತ್ತಾನೆ. ನೀನು ಕಾಯುವ ಊರಿನಲ್ಲೇ ಕದಿಯುತ್ತೇನೆಂಬ ಪಂತ ಅವರ ನಡುವೆ ಏರ್ಪಡುತ್ತದೆ. ಈ ಒಂದು ಬೀಜದಿಂದ ಮಕ್ಕಳಿಗಾಗಿ ಎಂಥ ಕಾದಂಬರಿ ಬೆಳೆಸಬಹುದು! ಎಂ.ಎ. ತರಗತಿಯ ಪಠ್ಯವಾಗಿ ಮಾತ್ರ ಇದು ಉಳಿದಿರುವುದು ನನಗೆ ಬೇಸರದ ಸಂಗತಿ.

ಮಾಯಾಶಾಲೆಯ ಕಾದಂಬರಿಗಳಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಯೊಂದಿದೆ: ಈ ಶಾಲೆಗೆ ಯಾರಿಗೆ ಪ್ರವೇಶ? ಹ್ಯಾರಿಯ ಕಥೆಯಲ್ಲಿ ಮಾಂತ್ರಿಕರ ರಕ್ತ ಶುದ್ಧವೋ ಅಲ್ಲವೋ ಎಂದು ಅಳೆಯುವ ಮನೆತನಗಳಿವೆ. ಸಾಮಾನ್ಯರ ಮನೆಯಲ್ಲಿ ಹುಟ್ಟಿ ಎಲ್ಲರಿಗಿಂತ ಚೆನ್ನಾಗಿ ಓದುವ ಹುಡುಗಿಯನ್ನು ಒಬ್ಬ ಸಹಪಾಠಿ ಅವಳ ಹುಟ್ಟನ್ನೇ ಹಿಡಿದು ಬೈಯುತ್ತಾನೆ. ಬಸವಣ್ಣನವರು ಹುಟ್ಟಿದ ಈ ಜಿಲ್ಲೆಯ ಮಗುವಿಗೆ ಆ ಬೈಗುಳದ ಅರ್ಥ ಯಾವ ಟಿಪ್ಪಣಿಯೂ ಇಲ್ಲದೆ ತಿಳಿಯುತ್ತದೆ. ಏಕಲವ್ಯನ ಹೆಬ್ಬೆರಳಿನ ಕಥೆ ಕೇಳಿ ಬೆಳೆದವರಿಗೆ ಇದು ಹೊರಗಿನ ವಿಷಯವೇ ಅಲ್ಲ. ಲೆ ಗ್ವಿನ್ ಅವರ ರೋಕ್ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಆದರೆ ಆ ಲೇಖಕಿ 1990ರಲ್ಲಿ ಅದೇ ಸರಣಿಗೆ ಮರಳಿ ಬಂದು, ಒಬ್ಬ ವಿಧವೆಯನ್ನೂ ಬೆಂಕಿಯಲ್ಲಿ ಸುಟ್ಟುಹೋದ ಒಂದು ಹೆಣ್ಣುಮಗುವನ್ನೂ ಕಥೆಯ ನಡುವಿಗೆ ತಂದು, ತಾವೇ ಕಟ್ಟಿದ ಲೋಕವನ್ನು ಪ್ರಶ್ನಿಸಿದರು. ಬರೆದದ್ದನ್ನು ಇಪ್ಪತ್ತೆರಡು ವರ್ಷಗಳ ನಂತರ ಹೀಗೆ ಮತ್ತೆ ಕೈಗೆತ್ತಿಕೊಳ್ಳುವ ಪ್ರಾಮಾಣಿಕತೆ ನನಗೆ ಬಹಳ ದೊಡ್ಡದೆನಿಸುತ್ತದೆ.

ಇಂಗ್ಲೆಂಡಿನ ಅಚ್ಚಿನಿಂದ ಹೊರಗೆ ಬರೆಯಲು ಸಾಧ್ಯವೆಂಬುದನ್ನು ನೈಜೀರಿಯಾ ಮೂಲದ ಅಮೆರಿಕದ ಲೇಖಕಿ ನೆಡಿ ಒಕೊರಾಫೋರ್ 2011ರಲ್ಲಿ ಬಂದ ಕಾದಂಬರಿಯಲ್ಲಿ ತೋರಿಸಿದ್ದಾರೆ. ಅವರ ಕಥೆ ನಡೆಯುವುದು ನೈಜೀರಿಯಾದಲ್ಲಿ. ನಾಯಕಿ ಹುಟ್ಟಿನಿಂದಲೇ ಚರ್ಮಕ್ಕೆ ಬಣ್ಣವಿಲ್ಲದ್ದರಿಂದ (ಆಲ್ಬಿನಿಸಂ) ಬಿಸಿಲಿಗೆ ಹೋಗಲಾರದ ಕರಿಯರ ಹುಡುಗಿ. ಅಲ್ಲಿ ಬರುವ ಲಿಪಿ ಆ ನಾಡಿನ ನಿಜವಾದ ಹಳೆಯ ಲಿಪಿ. ಆ ಲೋಕದಲ್ಲಿ ಏನಾದರೂ ಹೊಸದನ್ನು ಕಲಿತ ಕೂಡಲೇ ಆಕಾಶದಿಂದ ನಾಣ್ಯಗಳು ಉದುರುತ್ತವೆ, ಬೇರೆ ಯಾವ ರೀತಿಯಲ್ಲೂ ಅವನ್ನು ಗಳಿಸುವಂತಿಲ್ಲ. ತನ್ನ ನೆಲದ ನಂಬಿಕೆ, ಊಟ, ಸಂತೆ, ಮಾತುಗಳನ್ನು ಬಿಡದೆ ಬರೆದ ಈ ಪುಸ್ತಕವನ್ನು ಜಗತ್ತಿನ ಎಷ್ಟೋ ದೇಶಗಳ ಮಕ್ಕಳು ಓದಿದರು.

ಅಂಥ ಕೆಲಸಕ್ಕೆ ನಮ್ಮ ಜಿಲ್ಲೆಯಲ್ಲಿ ಸಾಮಗ್ರಿ ಏನಿದೆ ಎಂದು ಕೇಳುವವರಿಗೆ ಇಂಡಿ ತಾಲ್ಲೂಕಿನ ಸಾಲೋಟಗಿಯನ್ನು ತೋರಿಸಬೇಕು. ಕ್ರಿ.ಶ. 945ರ ಅಲ್ಲಿನ ಶಾಸನದ ಪ್ರಕಾರ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನೆಂಬವನು ಆ ಊರಿನಲ್ಲಿ ಒಂದು ಶಾಲೆ ಕಟ್ಟಿಸಿದ್ದ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಇರುವುದಕ್ಕೆ 27 ಮನೆಗಳಿದ್ದವು, ದೀಪದ ಖರ್ಚಿಗೆಂದೇ ಹೊಲ ಬಿಡಲಾಗಿತ್ತು, ಮದುವೆ, ಉಪನಯನಗಳಾದಾಗ ಊರವರು ಶಾಲೆಗೆ ಇಂತಿಷ್ಟು ಹಣ ಕೊಡಬೇಕೆಂಬ ಕಟ್ಟಳೆಯಿತ್ತು. ಅದು ವೇದಪಾಠದ ಶಾಲೆ. ಎಲ್ಲರ ಮನೆಯ ಮಕ್ಕಳೂ ಅಲ್ಲಿ ಕಲಿತರೆಂದು ನಾನು ಹೇಳಲಾರೆ. ಆದರೆ ಸಾವಿರ ವರ್ಷಗಳ ಹಿಂದಿನ ಆ ದೀಪಗಳ ಕೆಳಗೆ ರಾತ್ರಿ ಓದುತ್ತ ಕುಳಿತ, ದೂರದೂರಿನಿಂದ ಬಂದ ಹುಡುಗನೊಬ್ಬನನ್ನು ಕಲ್ಪಿಸಿಕೊಂಡರೆ ಕಾದಂಬರಿ ಅರ್ಧ ಸಿದ್ಧವಾದಂತೆ. ಪ್ರವೇಶ ಸಿಗದೆ ಹೊಸ್ತಿಲ ಹೊರಗೆ ನಿಂತು ಕೇಳಿಸಿಕೊಂಡ ಇನ್ನೊಬ್ಬನನ್ನು ಕಲ್ಪಿಸಿಕೊಂಡರೆ ಅದು ಇನ್ನೂ ದೊಡ್ಡ ಕಾದಂಬರಿಯಾಗುತ್ತದೆ. ನಗರದೊಳಗೆ, ಒಂದು ಕಡೆ ಪಿಸುಗುಟ್ಟಿದ್ದು ಎದುರು ಗೋಡೆಯಲ್ಲಿ ಕೇಳಿಸುವ ಗೋಳಗುಮ್ಮಟವಿದೆ. ನೆಲದಡಿಯ ಸುರಂಗದಲ್ಲಿ ನೀರು ತಂದ ಆದಿಲ್‌ಶಾಹಿ ಕಾಲದ ಕಾಲುವೆಗಳೂ ಬಾವಡಿಗಳೂ ಇವೆ.

ಇದಕ್ಕಿಂತಲೂ ಮುಖ್ಯವಾದದ್ದು ಇಂದಿನ ಶಾಲೆಗಳು. ಹ್ಯಾರಿಗೆ ಪ್ರವೇಶದ ಪತ್ರ ಬರುವುದು ಹನ್ನೊಂದನೆಯ ವಯಸ್ಸಿಗೆ. ನಮ್ಮ ಜಿಲ್ಲೆಯ ಮಕ್ಕಳು ಐದನೆಯ ತರಗತಿ ಮುಗಿಸಿ, ಪ್ರವೇಶ ಪರೀಕ್ಷೆ ಬರೆದು, ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೂ ನವೋದಯಕ್ಕೂ ಆಯ್ಕೆಯಾಗುವುದು ಸರಿಸುಮಾರು ಅದೇ ವಯಸ್ಸಿನಲ್ಲಿ. ತಾಂಡಾಗಳಿಂದ, ಹೊಲದ ಮನೆಗಳಿಂದ, ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋಗುವ ಕುಟುಂಬಗಳಿಂದ ಬಂದ ಮಕ್ಕಳು ತಗಡಿನ ಟ್ರಂಕು ಹಿಡಿದು ಬಸ್ಸಿನಿಂದ ಇಳಿಯುತ್ತಾರೆ. ಮೊದಲ ರಾತ್ರಿ ಅಳುತ್ತಾರೆ. ವಾರ ಕಳೆಯುವಷ್ಟರಲ್ಲಿ ಪಕ್ಕದ ಹಾಸಿಗೆಯವರ ಜೊತೆ ಚಟ್ನಿಪುಡಿಯನ್ನೂ ಶೇಂಗಾ ಹೋಳಿಗೆಯನ್ನೂ ಹಂಚಿಕೊಳ್ಳುತ್ತಾರೆ. ನಿಲಯಪಾಲಕರ ಕಣ್ಣು ತಪ್ಪಿಸಿ ರಾತ್ರಿ ಕಥೆ ಹೇಳಿಕೊಳ್ಳುತ್ತಾರೆ, ಮನೆಯಲ್ಲಿ ಲಂಬಾಣಿಯನ್ನೋ ಮರಾಠಿಯನ್ನೋ ದಖನಿಯನ್ನೋ ಆಡುವವರು ಪ್ರಾರ್ಥನೆಯಲ್ಲಿ ಒಟ್ಟಿಗೆ ಕನ್ನಡದಲ್ಲಿ ಹಾಡುತ್ತಾರೆ. ಮಾಯಾಶಾಲೆಯ ಕಾದಂಬರಿಗೆ ಬೇಕಾದ ಎಲ್ಲವೂ ಇಲ್ಲಿದೆ, ಬರೆಯುವವರು ಇನ್ನೂ ಮುಂದೆ ಬಂದಿಲ್ಲ. ತನ್ನಂಥ ಮಗುವೊಂದು ಪುಸ್ತಕದ ನಾಯಕನಾಗಿರುವುದನ್ನು ಕಾಣದೆಯೇ ಈ ಮಕ್ಕಳಲ್ಲಿ ಬಹುಪಾಲು ಜನ ಹತ್ತನೆಯ ತರಗತಿ ಮುಗಿಸುತ್ತಿದ್ದಾರೆಂಬುದೇ ನನ್ನ ಸಂಕಟ.

ಮಕ್ಕಳ ಸಾಹಿತ್ಯದಲ್ಲಿ ವಿಜಯಪುರ ಬಡ ಜಿಲ್ಲೆಯಲ್ಲ. ಶಿಶು ಸಂಗಮೇಶ, ಶಂ.ಗು. ಬಿರಾದಾರ, ಕಂಚ್ಯಾಣಿ ಶರಣಪ್ಪ, ಪ.ಗು. ಸಿದ್ದಾಪುರ, ಹ.ಮ. ಪೂಜಾರ ಮೊದಲಾದವರ ಪದ್ಯಗಳನ್ನು ಹಾಡುತ್ತಲೇ ಇಲ್ಲಿಯ ಮಕ್ಕಳು ಬೆಳೆದಿದ್ದಾರೆ. ಅದಕ್ಕೂ ಮೊದಲೇ ಹಲಸಂಗಿಯ ಗೆಳೆಯರು ಹಳ್ಳಿ ಹಳ್ಳಿ ತಿರುಗಿ ಜನಪದ ಹಾಡುಗಳನ್ನು ಕೂಡಿಹಾಕಿದರು. ಆದರೆ ಹತ್ತು-ಹನ್ನೆರಡು ವರ್ಷದ ಮಗು ಮುನ್ನೂರು ಪುಟದ ಕಥೆಯೊಂದರಲ್ಲಿ ದಿನಗಟ್ಟಲೆ ಮುಳುಗಬಯಸುತ್ತದೆ. ಪ್ರಾಸಪದ್ಯವನ್ನು ದಾಟಿದ, ದೊಡ್ಡವರ ಕಾದಂಬರಿಗೆ ಇನ್ನೂ ಸಲ್ಲದ ಆ ವಯಸ್ಸಿಗೆ ನಾವು ಕೊಟ್ಟದ್ದು ತೀರಾ ಕಡಿಮೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಯಿಷ್ಟು. ತಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ವಾರಕ್ಕೊಂದು ಅಧ್ಯಾಯದಂತೆ, ಈ ಭಾಗದ ವಸತಿ ಶಾಲೆಯಲ್ಲಿ ನಡೆಯುವ ಅದ್ಭುತ ಕಥೆಯ ಒಂದು ಧಾರಾವಾಹಿಯನ್ನು ಆರಂಭಿಸಬೇಕು. ಹೆಸರಾದವರನ್ನೇ ಕೇಳದೆ, ಆ ಶಾಲೆಗಳಲ್ಲಿ ಓದಿ ಈಗ ಶಿಕ್ಷಕರೋ ನರ್ಸ್‌ಗಳೋ ಪೊಲೀಸರೋ ಆಗಿರುವ ತರುಣ-ತರುಣಿಯರಿಂದ ಮೊದಲ ಅಧ್ಯಾಯಗಳನ್ನು ಆಹ್ವಾನಿಸಿದರೆ ಒಳ್ಳೆಯದು. ಟ್ರಂಕು ಹೊತ್ತವರಿಗೇ ಅದರ ಭಾರ ಗೊತ್ತಿರುತ್ತದೆ. ಬರೆಯುವವರು ಮಾತನ್ನು ಬೆಂಗಳೂರಿನ ಪಠ್ಯಪುಸ್ತಕಕ್ಕೆ ಹೊಂದಿಸದೆ, ನಮ್ಮ ಮಕ್ಕಳು ಆಡುವ ಕನ್ನಡದಲ್ಲೇ ಸಂಭಾಷಣೆ ಬರೆಯಲಿ. ಆರಿಸಿದ ಹಸ್ತಪ್ರತಿಗಳನ್ನು ಆರು, ಏಳನೆಯ ತರಗತಿಯ ಮಕ್ಕಳಿಗೇ ಮೊದಲು ಓದಲು ಕೊಡಬೇಕು, ಎಲ್ಲಿ ಅವರು ಪುಸ್ತಕ ಮುಚ್ಚುತ್ತಾರೋ ಅಲ್ಲಿ ತಿದ್ದಬೇಕು. ಧಾರಾವಾಹಿ ಮುಗಿದ ಮೇಲೆ ಅದನ್ನು ಪುಸ್ತಕವಾಗಿಸಿ ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳೆಂಬ ಗ್ರಂಥಾಲಯಗಳಿಗೆ ತಲುಪಿಸುವಂತೆ ಸಂಬಂಧಪಟ್ಟವರನ್ನು ತಾವು ಒತ್ತಾಯಿಸಬಹುದು. ಹಸ್ತಪ್ರತಿಗಳನ್ನು ಓದಿ ಮಕ್ಕಳ ಬಳಿಗೆ ಒಯ್ಯುವ ಕೆಲಸಕ್ಕೆ ನನ್ನಂಥ ನಿವೃತ್ತ ಶಿಕ್ಷಕರು ಈ ಜಿಲ್ಲೆಯಲ್ಲಿ ಸಾಕಷ್ಟು ಜನ ಇದ್ದೇವೆ, ಸಂಭಾವನೆಯಿಲ್ಲದೆ ಮಾಡಿಕೊಡುತ್ತೇವೆ.

ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಕನ್ನಡ ಶಿಕ್ಷಕಿ, ವಿಜಯಪುರ