ಸೋರುವ ಮಾಸ್ಕ್ ಕೊಟ್ಟು ವಾರ್ಡಿಗೆ ಕಳಿಸಬೇಡಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನಾನು ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್. ಗಾಳಿಯ ಸಣ್ಣ ಕಣಗಳನ್ನೂ ಸೋಸುವ, ಮುಖಕ್ಕೆ ಬಿಗಿಯಾಗಿ ಕೂರಬೇಕಾದ ಎನ್95 ಮಾಸ್ಕ್ ಹಾಕಿಕೊಂಡರೆ ನನ್ನ ಕನ್ನಡಕಕ್ಕೆ ಆವಿ ಹಿಡಿಯುತ್ತಿತ್ತು. ಎಷ್ಟೋ ದಿನ ಅದನ್ನು ಒರೆಸಿಕೊಂಡೇ ಡ್ಯೂಟಿ ಮಾಡಿದೆ. ಮಾಸ್ಕ್ ಸೋರುತ್ತಿದೆ ಅನ್ನುವುದಕ್ಕೆ ಅದೇ ಗುರುತು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಮೂಗಿನ ಪಕ್ಕದ ಸಂದಿಯಿಂದ ನನ್ನ ಉಸಿರು ಹೊರಗೆ ಹೋಗುತ್ತದೆ ಅಂದರೆ, ರೋಗಿ ಕೆಮ್ಮಿದ ಗಾಳಿಯೂ ಅಲ್ಲಿಂದಲೇ ಒಳಗೆ ಬರುತ್ತದೆ ಅಲ್ವಾ?

ಆಮೇಲೆ ಒಂದು ಸಲ ಫಿಟ್ ಟೆಸ್ಟ್, ಅಂದರೆ ಮಾಸ್ಕ್ ಮುಖಕ್ಕೆ ಸೋರದಂತೆ ಕೂರುತ್ತದಾ ಅಂತ ನೋಡುವ ಪರೀಕ್ಷೆ, ಮಾಡಿಸಿಕೊಂಡೆ. ತಲೆಗೆ ಒಂದು ಮುಸುಕು ಹಾಕಿ, ಅದರೊಳಗೆ ಸಿಹಿಯಾದ ಸ್ಯಾಕರಿನ್ ನೀರು ಸಿಂಪಡಿಸುತ್ತಾರೆ. ಸಿಹಿ ಗೊತ್ತಾದರೆ ಮಾಸ್ಕ್ ಸೋರುತ್ತಿದೆ ಅಂತ ಅರ್ಥ. ತಲೆ ಆಡಿಸಬೇಕು, ಬಗ್ಗಬೇಕು, ಜೋರಾಗಿ ಮಾತಾಡಬೇಕು. ನಾನು ದಿನಾ ಹಾಕುತ್ತಿದ್ದ ಮಾಸ್ಕಿನಲ್ಲಿ, ತಲೆ ತಿರುಗಿಸುತ್ತಿದ್ದಂತೆ ನಾಲಿಗೆಗೆ ಸಿಹಿ ಹತ್ತಿತು. ಬೇರೆ ಅಳತೆಯದ್ದು ಹಾಕಿಕೊಂಡೆ, ಏನೂ ಗೊತ್ತಾಗಲಿಲ್ಲ. ಆ ಸಿಹಿ ನೆನಪಾದರೆ ಈಗಲೂ ಭಯವಾಗುತ್ತದೆ. ಅದೇ ಮಾಸ್ಕ್ ನಂಬಿಕೊಂಡು ನಾನು ಎಷ್ಟು ಜನ ಕೆಮ್ಮುವವರ ಪಕ್ಕ ನಿಂತಿದ್ದೆನೋ!

ಸರ್ಜಿಕಲ್ ಮಾಸ್ಕೇ ಸಾಕು, ಎನ್95ಗೆ ಸುಮ್ನೆ ಯಾಕೆ ಖರ್ಚು ಅಂತ ಕೇಳುವವರಿದ್ದಾರೆ. ಅವರು ತೋರಿಸುವ ಅಧ್ಯಯನ ನನಗೂ ಗೊತ್ತು. ಅಮೆರಿಕದಲ್ಲಿ 2,862 ಆರೋಗ್ಯ ಸಿಬ್ಬಂದಿಯ ಮೇಲೆ ನಡೆದದ್ದು, 2019ರಲ್ಲಿ ಪ್ರಕಟವಾಯಿತು. ಫ್ಲೂ ಬಂದದ್ದು ಎನ್95 ಗುಂಪಿನಲ್ಲಿ ಶೇ. 8.2, ಸರ್ಜಿಕಲ್ ಗುಂಪಿನಲ್ಲಿ ಶೇ. 7.2. ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ, ಒಪ್ಪುತ್ತೇನೆ. ಆದರೆ ಅಲ್ಲಿ ಮಾಸ್ಕ್ ಹಾಕಬೇಕಿದ್ದದ್ದು ಉಸಿರಾಟದ ಸೋಂಕು ಇರಬಹುದಾದ ರೋಗಿಯಿಂದ ಆರು ಅಡಿ ಒಳಗೆ ಇದ್ದಾಗ ಮಾತ್ರ. ಸೋಂಕು ಆರು ಅಡಿ ಲೆಕ್ಕ ಹಾಕಿಕೊಂಡು ನಿಲ್ಲುವುದಿಲ್ಲ. ಸಣ್ಣ ಕಣಗಳು ಗಾಳಿಯಾಡದ ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತಿರುತ್ತವೆ.

ಬೀಜಿಂಗ್‌ನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವನ್ನೂ ದಯವಿಟ್ಟು ನೋಡಿ. ಉಸಿರಾಟದ ಸೋಂಕಿನ ಲಕ್ಷಣ ಕಂಡದ್ದು ಸರ್ಜಿಕಲ್ ಮಾಸ್ಕ್ ಹಾಕಿದವರಲ್ಲಿ ಶೇ. 17. ಅಪಾಯದ ಕೆಲಸಕ್ಕೆ ಮಾತ್ರ ಎನ್95 ಹಾಕಿದವರಲ್ಲಿ ಶೇ. 11.8. ಇಡೀ ಡ್ಯೂಟಿ ಹಾಕಿದವರಲ್ಲಿ ಶೇ. 7.2. ಇದು ಲಕ್ಷಣಗಳ ಲೆಕ್ಕ, ಲ್ಯಾಬಿನಲ್ಲಿ ಖಚಿತವಾದ ಫ್ಲೂ ಲೆಕ್ಕವಲ್ಲ, ನಿಜ. ಆದರೂ ಯಾವ ಮಾಸ್ಕ್ ಅನ್ನುವಷ್ಟೇ ಎಷ್ಟು ಹೊತ್ತು ಹಾಕಿರುತ್ತೇವೆ ಅನ್ನುವುದೂ ಮುಖ್ಯ ಅಂತ ನನಗೆ ಅನಿಸುತ್ತದೆ. ಬಟ್ಟೆ ಮಾಸ್ಕಿನ ಮಾತಂತೂ ಬೇಡವೇ ಬೇಡ. ವಿಯೆಟ್ನಾಂನ ಆಸ್ಪತ್ರೆಗಳಲ್ಲಿ ಹೋಲಿಸಿ ನೋಡಿದಾಗ, ಅದನ್ನು ಹಾಕಿದವರಿಗೇ ಜಾಸ್ತಿ ಕಾಯಿಲೆ ಬಂತು.

ಇಡೀ ಡ್ಯೂಟಿ ಎನ್95 ಹಾಕುವುದು ಸುಲಭವಲ್ಲ. ಮೂಗಿನ ಮೇಲೆ ಚರ್ಮ ಕೆಂಪಾಗುತ್ತದೆ, ತಲೆ ಸಿಡಿಯುತ್ತದೆ. ನೀರು ಕುಡಿಯಲು ತೆಗೆದರೆ ಹಾಕಿಕೊಳ್ಳಲು ಇನ್ನೊಂದು ಇರುವುದಿಲ್ಲ. ಹಾಗಾಗಿ ನಮ್ಮವರು ಅದನ್ನು ಗದ್ದಕ್ಕೆ ಇಳಿಸಿಕೊಂಡರೆ ಬೈಯಬೇಡಿ. ಎರಡು ಮೂರು ಅಳತೆಯ ಮಾಸ್ಕ್ ತರಿಸಿ, ಬಿಡುವು ಕೊಡಿ, ಒದ್ದೆಯಾದದ್ದನ್ನು ಬದಲಾಯಿಸುವಷ್ಟು ಇಡಿ. ಫಿಟ್ ಟೆಸ್ಟ್ ಅಂತೂ ವರ್ಷಕ್ಕೊಮ್ಮೆ ಎಲ್ಲರಿಗೂ ಆಗಲೇಬೇಕು. ನೆಲ ಒರೆಸುವವರಿಗೆ, ಸ್ಟ್ರೆಚರ್ ತಳ್ಳುವವರಿಗೂ. ಅವರೂ ಅದೇ ಗಾಳಿ ಕುಡಿಯುತ್ತಾರೆ.

ಮುಂದಿನ ಮಾಸ್ಕ್ ಖರೀದಿಯ ಕಡತ ನಿಮ್ಮ ಮೇಜಿಗೆ ಬಂದಾಗ, ಫಿಟ್ ಟೆಸ್ಟಿಗೆ ಎಷ್ಟು ಹಣ ಇಟ್ಟಿದ್ದಾರೆ ಅಂತ ಕೇಳಿ. ಇಟ್ಟಿಲ್ಲ ಅಂದರೆ ಸಹಿ ಹಾಕದೆ ವಾಪಸ್ ಕಳಿಸಿ.

ಇಂತಿ,
ಒಬ್ಬ ವಾರ್ಡ್ ನರ್ಸ್