ಬ್ರೇಕ್ ಆಯಿಲ್ ಬದಲಿಸುವ ಮುನ್ನ

ಹುಬ್ಬಳ್ಳಿ

ಚಿ. ಮಂಜುನಾಥನಿಗೆ ನಿನ್ನ ಕಾಕಾನ ಆಶೀರ್ವಾದಗಳು.

ಕಾರಿನ ಬ್ರೇಕ್ ಆಯಿಲ್ ಅನ್ನು ಮನೆಯಲ್ಲೇ ಬದಲಿಸುತ್ತೀಯಂತೆ. ನಿನ್ನ ಕಾಕು ಹೌಹಾರಿದ್ದಾಳೆ, ನಾನು ಬೇಡವೆನ್ನುವುದಿಲ್ಲ. ಆದರೆ ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿದ್ದದ್ದನ್ನು ಹೀರಿ ತೆಗೆದು ಹೊಸದು ಸುರಿದರೆ ಸಾಕು ಎಂದೆಯಲ್ಲ, ಅದಕ್ಕೇ ಈ ಪತ್ರ.

ಆ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ನಿನ್ನ ಗಾಡಿಗೆ ಹಾಕುವ ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ 230 ಡಿಗ್ರಿಯವರೆಗಾದರೂ ಕುದಿಯಬಾರದು, ನೂರಕ್ಕೆ 3.7 ಪಾಲು ನೀರು ಸೇರಿತೆಂದರೆ 155ರ ಸುಮಾರಿಗೇ ಕುದಿಯಬಹುದು. ಧಾರವಾಡ, ನವನಗರ ಎಂದು ಓಡಾಡುವಾಗ ಇದು ಗೊತ್ತೇ ಆಗುವುದಿಲ್ಲ. ನೀನೋ ಅಂಕೋಲೆಗೆ ಹೋಗುವವನು. ಯಲ್ಲಾಪುರ ದಾಟಿ ಅರಬೈಲ್ ಘಟ್ಟದಲ್ಲಿ ಲಾರಿಗಳ ಹಿಂದೆ ಬ್ರೇಕ್ ತುಳಿಯುತ್ತಲೇ ಇಳಿದರೆ ಚಕ್ರದ ಡಿಸ್ಕ್ ಕಾದು, ಅದನ್ನು ಅದುಮಿ ಹಿಡಿಯುವ ಕ್ಯಾಲಿಪರ್‌ನೊಳಗಿನ ಆಯಿಲ್ ಕುದಿದು ಆವಿಯಾಗುತ್ತದೆ. ಒತ್ತಿದರೆ ಆವಿ ಕುಗ್ಗುತ್ತದೆಯೇ ಹೊರತು ಗಾಡಿ ನಿಲ್ಲುವುದಿಲ್ಲ. ಡಬ್ಬಿಯನ್ನಷ್ಟೇ ಬದಲಿಸಿದರೆ ಹಾಳಾದದ್ದು ಚಕ್ರದ ಬಳಿಯೇ ಉಳಿಯಿತಲ್ಲವೇ? ಎರಡು ವರ್ಷಕ್ಕೊಮ್ಮೆ ಪೂರ್ತಿ ತೆಗೆಯಬೇಕು. ಸೆಕೆಂಡ್ ಗೇರಿನಲ್ಲಿ ಇಳಿಯುವುದನ್ನೂ ಕಲಿ.

ಸೀಲು ಒಡೆಯದ ಬಾಟಲಿಯನ್ನೇ ತಾ. ಜಾಕ್ ಒಂದನ್ನೇ ನಂಬಿ ಚಕ್ರ ಬಿಚ್ಚಬೇಡ, ಸ್ಟ್ಯಾಂಡ್ ಇಡು. ಯಾವ ಚಕ್ರ ಮೊದಲು ಎಂಬುದನ್ನು ಗಾಡಿಯ ಪುಸ್ತಕದಲ್ಲಿ ನೋಡು. ಪೆಡಲ್ ತುಳಿಯಲು ತಂಗಿಯನ್ನು ಕೂರಿಸು. ನಿನ್ನ ಗೆಳೆಯ ಅರ್ಧ ಗಮನ ಮೊಬೈಲಿನಲ್ಲಿಟ್ಟಿರುತ್ತಾನೆ. ಅವಳು ಒತ್ತಿ ಹಿಡಿಯಬೇಕು, ನೀನು ಚಕ್ರದ ಬಳಿ ಆಯಿಲ್ ಹೊರಬಿಡುವ ನಿಪ್ಪಲ್ ಸಡಿಲಿಸಬೇಕು, ಮತ್ತೆ ಬಿಗಿಮಾಡಿ "ಬಿಡು" ಎಂದ ಮೇಲಷ್ಟೇ ಅವಳು ಕಾಲೆತ್ತಬೇಕು. ಒಂದು ಕ್ಷಣ ಮೊದಲೇ ಎತ್ತಿದರೂ ಹವಾ ಒಳಗೆ ಹೋಗುತ್ತದೆ. ಪೆಡಲ್ ಅಡಿಗೆ ಒಂದು ಕಟ್ಟಿಗೆಯ ತುಂಡು ಇಟ್ಟಿರು. ಹಳೆಯ ಗಾಡಿಯಲ್ಲಿ ನೆಲಕ್ಕೆ ಮುಟ್ಟುವವರೆಗೆ ತುಳಿದರೆ, ಪೆಡಲಿನ ಒತ್ತಡವನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಹರಿಯಬಹುದು. ನಿಪ್ಪಲ್ಲಿಗೆ ಸಿಕ್ಕಿಸಿದ ಪಾರದರ್ಶಕ ಪೈಪಿನಲ್ಲಿ ಮೊದಲು ಚಹಾದ ಬಣ್ಣದ್ದು ಬರುತ್ತದೆ, ಆಮೇಲೆ ನಡುನಡುವೆ ಗುಳ್ಳೆ, ಕೊನೆಗೆ ತಿಳಿಹಳದಿ. ಅಲ್ಲಿಯವರೆಗೆ ಡಬ್ಬಿ ಬರಿದಾಗಗೊಡಬೇಡ. ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಒಳಗೆ ಹವಾ ಸಿಕ್ಕಿಕೊಂಡರೆ ಕೆಲವು ಗಾಡಿಗಳಲ್ಲಿ ಸ್ಕ್ಯಾನರ್ ಇಲ್ಲದೆ ತೆಗೆಯಲಾಗದು, ಗ್ಯಾರೇಜಿಗೇ ಎಳೆಸಿಕೊಂಡು ಹೋಗಬೇಕು.

ತುಕ್ಕು ಹಿಡಿದ ನಿಪ್ಪಲ್ ಬಿಚ್ಚಿಕೊಳ್ಳದಿದ್ದರೆ ಜೋರು ಮಾಡದೆ ಅಲ್ಲಿಗೇ ಬಿಡು, ಮುರಿದೀತು. ಪೇಂಟಿನ ಮೇಲೆ ಹನಿ ಬಿದ್ದರೆ ಒರೆಸುತ್ತ ಕೂರಬೇಡ, ಕೂಡಲೇ ನೀರು ಸುರಿ. ಎಂಜಿನ್ ಆಯಿಲ್ ತಾಗಿದ ಆಲಿಕೆಯನ್ನಂತೂ ಮುಟ್ಟಲೇಬೇಡ. ಅದರಿಂದ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ.

ಎಲ್ಲ ಮುಗಿದ ಮೇಲೆ ಎಂಜಿನ್ ಚಾಲೂ ಮಾಡಿ ಪೆಡಲ್ ಒತ್ತಿ ಹಿಡಿ. ಮೆತ್ತಗಿದ್ದರೆ ಗೇಟು ದಾಟಬೇಡ, ನನಗೆ ಫೋನ್ ಮಾಡು.

ನಿನ್ನ ಕಾಕಾ