ಬರೆದು ಮುಗಿಸಿದ್ದೇ ಧೈರ್ಯ ಕೊಡುತ್ತದೆ

ಪ್ರೀತಿಯ ತಂಗಿ,

ನಿನ್ನ ಪತ್ರ ಓದಿದೆ. ಅಂಕಣ ಬರುತ್ತಿದ್ದ ಪತ್ರಿಕೆ ನಿಂತುಹೋಯಿತು, ಈಗ ಆಡಿಯೊ ನಾಟಕಗಳಿಗೆ ಸ್ಕ್ರಿಪ್ಟ್ ಬರೆಯುವ ಕೆಲಸ ಸಿಕ್ಕಿದೆ, ಆದರೆ ಕೈಯೇ ಓಡುತ್ತಿಲ್ಲ ಅಂತ ಬರೆದಿದ್ದೀಯ. ‘ಮೊದಲಿನ ಆತ್ಮವಿಶ್ವಾಸ ವಾಪಸ್ ಬರಲಿ, ಆಮೇಲೆ ಶುರು ಮಾಡುತ್ತೇನೆ’ ಅಂದಿದ್ದೀಯಲ್ಲ, ಆ ಮಾತು ಓದಿ ಸುಮ್ನೆ ಕೂರಲಾಗಲಿಲ್ಲ. ಹಾಗೆ ಕಾಯುತ್ತಾ ಕೂತು ಬರೆಯುವುದನ್ನೇ ಬಿಟ್ಟ ಒಳ್ಳೊಳ್ಳೆ ಬರಹಗಾರರನ್ನು ನೋಡಿದ್ದೇನೆ.

ಧೈರ್ಯ ಮೊದಲು ಬರುವುದಿಲ್ಲ ಕಣೇ. ಕೆಲಸ ಮುಂದೆ ಹೋಗುತ್ತದೆ, ಧೈರ್ಯ ಅದರ ಹಿಂದೆ ಬರುತ್ತದೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಇದೇ ವಿಷಯ ಬರೆದರು. ‘ಇದು ನನ್ನ ಕೈಲಾಗುತ್ತೆ’ ಅನ್ನುವ ನಂಬಿಕೆಗೆ ಅವರು ನಾಲ್ಕು ಮೂಲ ಹೇಳಿದರು: ನಾವೇ ಮಾಡಿ ಮುಗಿಸಿದ ಕೆಲಸ, ನಮ್ಮಂಥವರು ಮಾಡಿದ್ದನ್ನು ಕಂಡದ್ದು, ಬೇರೆಯವರ ಪ್ರೋತ್ಸಾಹ, ಆ ಹೊತ್ತಿನ ನಮ್ಮ ಮೈಮನಸ್ಸಿನ ಸ್ಥಿತಿ. ಇವುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಮೊದಲನೆಯದು ಅಂದರು. ಹೊಗಳಿಕೆಯ ಬಲ ಅದರ ಮುಂದೆ ಕಡಿಮೆ. ಹಾಗಾಗಿ ‘ನೀನು ಚೆನ್ನಾಗಿ ಬರೀತೀಯ’ ಅಂತ ನಾನು ಇಲ್ಲಿ ಎಷ್ಟು ಸಲ ಬರೆದರೂ ನಾಳೆ ಬೆಳಗ್ಗೆ ಖಾಲಿ ಪುಟದ ಮುಂದೆ ಅದು ನಿನಗೆ ಸಾಲುವುದಿಲ್ಲ. ನೀನೇ ಬರೆದು ಮುಗಿಸಿದ ಒಂದು ಪುಟ್ಟ ದೃಶ್ಯ ಸಾಲುತ್ತದೆ.

ಆದ್ದರಿಂದ ಚಿಕ್ಕದರಿಂದ ಶುರು ಮಾಡು. ಎರಡೇ ಪಾತ್ರ, ಒಂದೇ ಜಾಗ, ಮೂರು ನಿಮಿಷ. ಒಬ್ಬರಿಗೆ ಏನೋ ಬೇಕು, ಇನ್ನೊಬ್ಬರು ಕೊಡಲು ಒಪ್ಪುತ್ತಿಲ್ಲ. ಅಷ್ಟು ಸಾಕು. ಆದರೆ ಮುಗಿಸಬೇಕು. ಮುಗಿಸುವುದು ಅಂದರೆ ಇನ್ನೊಬ್ಬರ ಕಿವಿಗೆ ಬೀಳುವುದು. ಕಂಪ್ಯೂಟರಿನಲ್ಲಿ ಅರ್ಧಕ್ಕೆ ಬಿದ್ದಿರುವ ಹತ್ತು ಸ್ಕ್ರಿಪ್ಟ್‌ಗಳಿಗಿಂತ ಯಾರೋ ಒಬ್ಬರು ಕೇಳಿದ ಮೂರು ನಿಮಿಷ ನಿನಗೆ ಜಾಸ್ತಿ ಬಲ ಕೊಡುತ್ತದೆ.

ಇನ್ನು ಬದಲಾವಣೆಯ ಮಾತು. ಪತ್ರಿಕೆ ನಿಂತಾಗ ನಿನ್ನಿಂದ ಕೆಲವು ನಿಜವಾಗಿಯೂ ಹೋದವು. ನಿನ್ನ ಹೆಸರು ಅಚ್ಚಾಗುತ್ತಿದ್ದ ಜಾಗ, ನಿನ್ನ ಬರವಣಿಗೆ ಬಲ್ಲ ಸಂಪಾದಕರು, ಓದಿ ಪತ್ರ ಬರೆಯುತ್ತಿದ್ದವರು. ಅದಕ್ಕೆ ದುಃಖಪಡು. ‘ಏನೂ ಆಗಿಲ್ಲ’ ಅಂತ ನಟಿಸಬೇಡ. ಆದರೆ ಅವೆಲ್ಲ ಆ ಜಾಗಕ್ಕೆ ಸೇರಿದ್ದವು. ನಿನ್ನ ಜೊತೆ ಏನು ಬಂದಿದೆ ಅಂತ ಕೂತು ನೋಡು. ಇಷ್ಟು ವರ್ಷ ಪ್ರತಿ ವಾರ ಗೊತ್ತುಮಾಡಿದ ದಿನಕ್ಕೆ, ಗೊತ್ತುಮಾಡಿದಷ್ಟೇ ಪದಗಳಲ್ಲಿ ಬರೆದು ಮುಗಿಸಿದವಳು ನೀನು. ಎಲ್ಲಿ ನಿಲ್ಲಿಸಬೇಕು ಅಂತ ನಿನಗೆ ಗೊತ್ತು. ಜನ ಆಡುವ ಮಾತು ನಿನ್ನ ಕಿವಿಯಲ್ಲಿದೆ. ನಾಟಕಕ್ಕೆ ಬೇಕಾದ ಅರ್ಧ ಬಂಡವಾಳ ಇದೇ ಅಲ್ವಾ?

ಉಳಿದ ಅರ್ಧ ಕಲಿಯಬೇಕಾದದ್ದು. ಅದು ಕಲಿಯಬಹುದಾದದ್ದೂ ಹೌದು. ಓದುಗರು ಒಂದು ಸಾಲು ಅರ್ಥವಾಗದಿದ್ದರೆ ಹಿಂದಕ್ಕೆ ಹೋಗಿ ಮತ್ತೆ ಓದುತ್ತಾರೆ. ಕೇಳುವವರು ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ, ಮಾತು ಮುಂದಕ್ಕೆ ಹೋಗಿಬಿಟ್ಟಿರುತ್ತದೆ. ಅದಕ್ಕೇ ವಾಕ್ಯ ಒಂದೇ ಸಲಕ್ಕೆ ಹಿಡಿಯುವಂತಿರಬೇಕು. ಒಂದೇ ದೃಶ್ಯದಲ್ಲಿ ಐದಾರು ಜನ ಮಾತಾಡಿದರೆ ಯಾರು ಯಾರೆಂದು ತಿಳಿಯುವುದಿಲ್ಲ. ಬಾಯಿ ಬಿಡದೆ ಕೂತಿರುವ ಪಾತ್ರ ಕೇಳುವವರ ಪಾಲಿಗೆ ಅಲ್ಲಿ ಇಲ್ಲವೇ ಇಲ್ಲ. ಅಂಕಣದಲ್ಲಿ ನೀನು ಮೂರು ಸಾಲಿನಲ್ಲಿ ಬರೆಯುತ್ತಿದ್ದ ಮಳೆಯನ್ನು ಇಲ್ಲಿ ಶಬ್ದ ಹೇಳುತ್ತದೆ, ಪಾತ್ರಗಳು ಮಳೆಯಲ್ಲಿ ದನಿ ಎತ್ತಿ ಮಾತಾಡಿದರೆ ಸಾಕು. ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದು. ನಾಲಿಗೆ ಎಡವಿದ ಕಡೆ ಗುರುತು ಹಾಕು. ನಟರೂ ಸಾಮಾನ್ಯವಾಗಿ ಅಲ್ಲೇ ಎಡವುತ್ತಾರೆ. ಇಷ್ಟನ್ನು ಕೈಗೆ ಹತ್ತಿಸಿಕೊಳ್ಳಲು ಪ್ರತಿಭೆಗಿಂತ ತಾಳ್ಮೆ ಜಾಸ್ತಿ ಬೇಕು.

ಹೆಸರು ಮಾಡಿದ ಮೇಲೂ ದಾರಿ ಬದಲಿಸಿದವರಿದ್ದಾರೆ. 1946ರಲ್ಲಿ ‘ಭಾವತರಂಗ’ ಕವನ ಸಂಕಲನ ತಂದ ಗೋಪಾಲಕೃಷ್ಣ ಅಡಿಗರು 1954ರ ‘ಚಂಡೆಮದ್ದಳೆ’ಯ ಹೊತ್ತಿಗೆ ಬೇರೆಯದೇ ಭಾಷೆಯಲ್ಲಿ ಬರೆಯುತ್ತಿದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟು ಓದು. ಪ್ರತಿಮೆ, ಧೋರಣೆ, ಸಿಟ್ಟು ಎಲ್ಲ ಬೇರೆ, ಆದರೆ ಲಯದ ಮೇಲಿನ ಹಿಡಿತ ಎರಡರಲ್ಲೂ ಅವರದೇ. ಪೋರ್ಚುಗಲ್‌ನ ಜೋಸೆ ಸರಮಾಗೊ ಅವರದು ಇನ್ನೂ ಕಷ್ಟದ ಕತೆ. ಮೊದಲ ಕಾದಂಬರಿ ಬಂದದ್ದು 1947ರಲ್ಲಿ. 1975ರಲ್ಲಿ ಪತ್ರಿಕೆಯ ಕೆಲಸ ಹೋಯಿತು, ಆಗ ಅವರಿಗೆ ವಯಸ್ಸು ಐವತ್ತು ದಾಟಿತ್ತು. ಬೇರೆ ಕೆಲಸ ಹುಡುಕದೆ ಅನುವಾದ ಮಾಡಿ ಜೀವನ ನಡೆಸುತ್ತಾ ಕಾದಂಬರಿ ಬರೆಯಲು ಕೂತರು. ಅವರನ್ನು ಜಗತ್ತು ಗುರುತಿಸಿದ್ದು 1982ರ ಕಾದಂಬರಿಯಿಂದ. 1998ರಲ್ಲಿ ನೊಬೆಲ್ ಬಂತು. ನೊಬೆಲ್‌ಗಿಂತ ನನಗೆ ಮುಖ್ಯ ಅನ್ನಿಸುವುದು ಮಧ್ಯದ ಆ ಅನುವಾದದ ವರ್ಷಗಳು. ಯಾರೂ ಚಪ್ಪಾಳೆ ತಟ್ಟದಿದ್ದಾಗಲೂ ಅವರು ದಿನಾ ಪದಗಳ ಜೊತೆಗೇ ಇದ್ದರು.

ಹೊಸ ಕೆಲಸದಲ್ಲಿ ನಿನ್ನನ್ನು ಜಾಸ್ತಿ ಕುಗ್ಗಿಸುವುದು ಬಹುಶಃ ತಿದ್ದುಪಡಿಗಳು. ನಿರ್ದೇಶಕರು ಎಲ್ಲರ ಮುಂದೆಯೇ ಸಾಲು ಹೊಡೆದು ಹಾಕುತ್ತಾರೆ. ‘ಚೆನ್ನಾಗಿದೆಯಾ?’ ಅಂತ ಕೇಳಬೇಡ. ಆ ಪ್ರಶ್ನೆಗೆ ಬರುವ ಉತ್ತರದಿಂದ ಒಂದೋ ಉಬ್ಬುತ್ತೀಯ, ಇಲ್ಲ ಕುಸಿಯುತ್ತೀಯ, ಸ್ಕ್ರಿಪ್ಟ್ ಮಾತ್ರ ಹಾಗೇ ಇರುತ್ತದೆ. ‘ಎಲ್ಲಿ ಗಮನ ತಪ್ಪಿತು? ಯಾರ ಮಾತು ಯಾರದೆಂದು ಎಲ್ಲಿ ಗೊಂದಲ ಆಯಿತು?’ ಅಂತ ಕೇಳು. ಅವರು ಸೂಚಿಸುವ ಪರಿಹಾರ ಒಪ್ಪದಿರಬಹುದು, ಆದರೆ ಅವರು ತೋರಿಸಿದ ಜಾಗದಲ್ಲಿ ಏನೋ ಸಡಿಲವಾಗಿರುವುದು ಬಹಳ ಸಲ ನಿಜ. ಓದಿ ಹೇಳುವ ಮುಂಚೆ ಎದೆ ಹೊಡೆದುಕೊಂಡರೆ ‘ನನಗೆ ಬರಲ್ಲ’ ಅಂತ ತಿಳಿಯಬೇಡ. ಮುಖ್ಯವಾದ ಕೆಲಸದ ಮುಂದೆ ಮೈ ಹಾಗೇ ಎಚ್ಚರವಾಗುತ್ತದೆ.

ಹಣದ ವಿಷಯ ಚಿಕ್ಕದಾಗಿ ಹೇಳುತ್ತೇನೆ: ಸಂಭಾವನೆ ಎಷ್ಟು, ಯಾವಾಗ, ಎಷ್ಟು ಸಲ ತಿದ್ದಿ ಕೊಡಬೇಕು, ಬರೆದದ್ದರ ಹಕ್ಕು ಯಾರದು, ಇವೆಲ್ಲ ಬರಹದಲ್ಲಿರಲಿ. ಕೇಳಲು ಸಂಕೋಚ ಬೇಡ.

ಕತೆ ಬರೆಯುವುದನ್ನು ಬಿಟ್ಟುಬಿಡಲೇ ಅಂತಲೂ ಕೇಳಿದ್ದೀಯ. ಈಗಲೇ ಏನೂ ತೀರ್ಮಾನ ಮಾಡಬೇಡ. ಆರು ತಿಂಗಳು ಈ ಕೆಲಸವನ್ನು ಮನಸ್ಸಿಟ್ಟು ಮಾಡು, ಕತೆಗೆ ವಾರದಲ್ಲಿ ಒಂದು ಬೆಳಗ್ಗೆ ಉಳಿಸಿಕೋ. ಬರೆದು ಮುಗಿಸಿದ್ದನ್ನೆಲ್ಲ ತಾರೀಕು ಹಾಕಿ ಒಂದು ಕಡೆ ಇಡು, ಮನಸ್ಸು ಕುಗ್ಗಿದ ದಿನ ತೆಗೆದು ನೋಡಲು ಬೇಕಾಗುತ್ತದೆ.

ಆ ಮೂರು ನಿಮಿಷದ ದೃಶ್ಯವನ್ನು ಭಾನುವಾರದೊಳಗೆ ನನಗೆ ಕಳಿಸು. ಟೈಪ್ ಮಾಡಿ ಕಳಿಸಬೇಡ, ನೀನೇ ಓದಿ ರೆಕಾರ್ಡ್ ಮಾಡಿ ಕಳಿಸು. ಎಲ್ಲಿ ನನ್ನ ಗಮನ ತಪ್ಪಿತು ಅಂತ ಕೇಳಿ ಹೇಳುತ್ತೇನೆ.

ಪ್ರೀತಿಯಿಂದ,
ನಿನ್ನ ಅಕ್ಕ